ಸ್ಕೀಮ್ ಬದಲಾಯ್ತು, ಪಂಪ ಬದಲಾಗಲಿಲ್ಲ

ಕಾಲೇಜು ಪುಸ್ತಕದ ಖರ್ಚು ಉಳಿಸೋದು ಹೇಗೆ ಅಂತ ಸಲಹೆ ಕೊಡುವವರಿಗೆ ನಮ್ಮಲ್ಲಿ ಬರ ಇಲ್ಲ. ಹೊಸದು ತಗೊಳ್ಬೇಡಿ, ಸೀನಿಯರ್ಸ್ ಹತ್ರ ಕೇಳಿ. ಲೈಬ್ರರಿಗೆ ಹೋಗಿ. ಪಿಡಿಎಫ್ ಇಳಿಸ್ಕೊಳ್ಳಿ. ನಾಲ್ಕು ಜನ ಸೇರಿ ಒಂದು ತಗೊಳ್ಳಿ. ಪ್ರತಿ ವರ್ಷ ಅಡ್ಮಿಷನ್ ಮುಗಿಯುವ ಹೊತ್ತಿಗೆ ಇದೇ ಉಪದೇಶ, ಅದೂ ಹೆಚ್ಚಾಗಿ ಮೊನ್ನೆ ಮೊನ್ನೆ ಸಂಬಳ ಬರಲು ಶುರುವಾದವರಿಂದ. ಸಲಹೆಗಳಲ್ಲಿ ತಪ್ಪೇನಿಲ್ಲ. ಅವನ್ನು ಹೇಳಬೇಕಾದವರಿಗೆ ಹೇಳದೆ ಮಕ್ಕಳಿಗೆ ಹೇಳ್ತಾ ಕೂತಿದ್ದೇವೆ, ಅಷ್ಟೇ.

ನೆರಿಯದಿಂದಲೋ ದಿಡುಪೆಯಿಂದಲೋ ಬೆಳಿಗ್ಗೆ ಬಸ್ಸು ಹಿಡಿದು ಉಜಿರೆಗೆ ಬರುವ ಹುಡುಗಿಗೆ ಉಳಿತಾಯದ ಪಾಠ ಬೇಡ ಮಾರಾಯ್ರೆ. ಅವಳ ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುವವರಾದರೆ, ಸಾವಿರ ಬೀಡಿಗೆ ಎಷ್ಟು ಮಜೂರಿ, ಅದರಲ್ಲಿ ಎಷ್ಟು ಕಟ್ ಆಗ್ತದೆ ಅನ್ನೋದು ಅವಳಿಗೆ ಬಾಯಿಪಾಠ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಅಂತಾದ ಮೇಲೆ, ಎದುರಿಗೆ ಬಂದ ಖಾಸಗಿ ಬಸ್ಸು ಬಿಟ್ಟು ಕೆಂಪು ಬಸ್ಸಿಗೆ ಕಾಯುವುದೂ ಅವಳಿಗೆ ಅಭ್ಯಾಸ. ಇಂಥವಳಿಗೆ ಸೀನಿಯರ್ ಹತ್ರ ಪುಸ್ತಕ ಕೇಳುವ ಉಪಾಯ ಹೊಳೆಯುವುದಿಲ್ಲ ಅಂದ್ಕೊಂಡಿದ್ದೀರಾ? ಕೇಳಿಯೇ ಕೇಳುತ್ತಾಳೆ. ಉತ್ತರವೂ ಸಿಗುತ್ತದೆ: "ಕೊಡ್ಬಹುದಿತ್ತು. ಆದ್ರೆ ನಮ್ದು ಎನ್‌ಇಪಿ, ನಿಮ್ದು ಎಸ್‌ಇಪಿ ಅಲ್ವಾ?"

ನನ್ನ ಜಗಳ ಇರುವುದು ಈ ಒಂದು ಉತ್ತರದ ಮೇಲೆ.

ಮಂಗಳೂರು ವಿಶ್ವವಿದ್ಯಾನಿಲಯದ ಪದವಿ ತರಗತಿಗಳಿಗೆ 2019ರಲ್ಲಿ ಸಿಬಿಸಿಎಸ್ ಬಂತು. ಎರಡೇ ವರ್ಷ. 2021ರ ಆಗಸ್ಟಿನಲ್ಲಿ, ದೇಶದಲ್ಲೇ ಮೊದಲು ಅನ್ನುವ ಹೆಮ್ಮೆಯೊಂದಿಗೆ, ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು. ನಾಲ್ಕು ವರ್ಷದ ಆನರ್ಸ್, ಓಪನ್ ಇಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ, ಎಲ್ಲ ಬಂತು. ಪಠ್ಯಕ್ರಮ ಮಾತ್ರ ಒಟ್ಟಿಗೆ ಬರಲಿಲ್ಲ, ಕಂತು ಕಂತಾಗಿ ಬಂತು. ಆಮೇಲೆ ಸರ್ಕಾರ ಬದಲಾಯಿತು. 2023ರ ಅಕ್ಟೋಬರಿನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ, 2024ರ ಮೇ ತಿಂಗಳಲ್ಲಿ ಹೊಸ ಆದೇಶ, ಮತ್ತೆ ಮೂರು ವರ್ಷದ ಡಿಗ್ರಿ, ಮತ್ತೆ ಹೊಸ ಪಠ್ಯ. ಐದು ವರ್ಷದಲ್ಲಿ ಮೂರು ವ್ಯವಸ್ಥೆ.

ನೀತಿಯ ಒಳ್ಳೆಯದು ಕೆಟ್ಟದ್ದು ಪಕ್ಕಕ್ಕಿಡಿ. ಹಳೇ ಪುಸ್ತಕದ ಕಣ್ಣಲ್ಲಿ ಇದನ್ನು ಒಮ್ಮೆ ನೋಡಿ. 2018ರಲ್ಲಿ ಸೇರಿದವರ ಪುಸ್ತಕ 2019ರವರಿಗೆ ಆಗಲಿಲ್ಲ. 2019ರವರು ಹೊಸದೇ ಕೊಂಡರು. 2020ರವರು ಹಳತು ಕೊಂಡರು, ಆದರೆ ಮಾರಲು ಗಿರಾಕಿ ಇರಲಿಲ್ಲ, ಯಾಕೆಂದರೆ 2021ಕ್ಕೆ ಎನ್‌ಇಪಿ. 2021ರವರು ಮತ್ತೆ ಹೊಸದೇ ಕೊಂಡರು. 2023ರವರು ಕೊಂಡ ಹಳತು ಅವರ ಕೈಯಲ್ಲೇ ಉಳಿಯಿತು, ಯಾಕೆಂದರೆ 2024ಕ್ಕೆ ಎಸ್‌ಇಪಿ. 2024ರವರಿಗೆ ಹಳತು ಅನ್ನುವುದೇ ಇಲ್ಲ. ಈ ಏಳು ಬ್ಯಾಚಿನಲ್ಲಿ ಮೇಲಿನವರಿಂದ ಪುಸ್ತಕ ತಗೊಂಡು ಕೆಳಗಿನವರಿಗೆ ದಾಟಿಸಲು ಸಾಧ್ಯವಾದದ್ದು ಯಾರಿಗೆ? 2022ರಲ್ಲಿ ಸೇರಿದವರಿಗೆ. ಅವರೊಬ್ಬರಿಗೇ.

"ಸೀನಿಯರ್ಸ್ ಹತ್ರ ಕೇಳಿ" ಅನ್ನುವ ಸಲಹೆ ಏಳರಲ್ಲಿ ಒಂದು ಬ್ಯಾಚಿಗೆ ಪೂರ್ತಿಯಾಗಿ ಅನ್ವಯಿಸುತ್ತದೆ. ಉಳಿದವರು ಏನು ಮಾಡಬೇಕಿತ್ತು, ಹುಟ್ಟುವಾಗಲೇ ಸರಿಯಾದ ವರ್ಷ ನೋಡಿ ಹುಟ್ಟಬೇಕಿತ್ತಾ?

ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೂತವರಿಗೆ ಇದು ಹೊಸ ಕಥೆಯಲ್ಲ. ವಿಟಿಯುನಲ್ಲಿ ಓದಿದವರು ಇವತ್ತಿಗೂ ಪರಿಚಯವಾದ ಕೂಡಲೇ ಕೇಳುವುದು "ನಿಂದು ಯಾವ ಸ್ಕೀಮ್?" ಅಂತಲೇ. ಹಿಂದೆಲ್ಲ ಗೋತ್ರ ಕೇಳ್ತಿದ್ದರು, ಈಗ ಸ್ಕೀಮ್. 15, 17, 18, 21, 22. ಕೊನೆಯ ಎರಡನ್ನು ಗಮನಿಸಿ, ಒಂದರ ಹಿಂದೆ ಒಂದು ವರ್ಷ! ಮೊದಲ ಸೆಮಿಸ್ಟರಿನ ಗಣಿತಕ್ಕೆ ಒಮ್ಮೆ 15 ಮ್ಯಾಟ್ 11 ಅಂತ ಕೋಡ್, ಆಮೇಲೆ 17 ಮ್ಯಾಟ್ 11, 18 ಮ್ಯಾಟ್ 11, 21 ಮ್ಯಾಟ್ 11. ಕೋಡಿನ ತಲೆಯಲ್ಲೇ ವರ್ಷ ಕೂರಿಸಿದರೆ ಪುಸ್ತಕದ ಬೆನ್ನ ಮೇಲೆ ಎಕ್ಸ್‌ಪೈರಿ ಡೇಟ್ ಮುದ್ರಿಸಿದ ಹಾಗೇ. ತಮಾಷೆ ಅಂದರೆ, ಇಷ್ಟೂ ಕಾಲ ಪಟ್ಟಿಯಲ್ಲಿ ಬಿ.ಎಸ್. ಗ್ರೇವಾಲರ ಹೈಯರ್ ಎಂಜಿನಿಯರಿಂಗ್ ಮ್ಯಾಥಮೆಟಿಕ್ಸ್ ಇದ್ದೇ ಇದೆ. ಒಂದು ಸಲ 43ನೇ ಆವೃತ್ತಿ, ಇನ್ನೊಂದು ಸಲ 44ನೇ ಆವೃತ್ತಿ. ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್‌ಗೆ ಆವೃತ್ತಿ ಇಲ್ಲ. ಆದರೆ ಮೊದಲ ವರ್ಷದ ಹುಡುಗನಿಗೆ ಅದನ್ನು ಹೇಳುವವರು ಯಾರು? ಅವನು ಪಟ್ಟಿಯಲ್ಲಿ 44 ಅಂತ ನೋಡ್ತಾನೆ, ಅಂಗಡಿಯಲ್ಲಿ 44 ಕೇಳ್ತಾನೆ. ಅಣ್ಣನ 43 ಅಟ್ಟದ ಮೇಲೆ.

ದುಡ್ಡಿನ ಲೆಕ್ಕ ಮಾಡೋಣ. ಪದವಿಯ ಒಂದು ಪುಸ್ತಕ 250 ರೂಪಾಯಿ ಅಂತ ಇಟ್ಕೊಳ್ಳಿ. ಸೆಮಿಸ್ಟರಿಗೆ ಆರು ಪುಸ್ತಕ, ಆರು ಸೆಮಿಸ್ಟರ್, ಒಟ್ಟು 36 ಪುಸ್ತಕ, 9,000 ರೂಪಾಯಿ. ಒಬ್ಬಳು ಹೊಸದು ಕೊಂಡು ಓದಿ, ಅರ್ಧ ರೇಟಿಗೆ ಅಂದರೆ 125ಕ್ಕೆ ಜೂನಿಯರಿಗೆ ಕೊಟ್ಟಳು. ಆ ಜೂನಿಯರು 75ಕ್ಕೆ ಇನ್ನೊಬ್ಬಳಿಗೆ. ಮೂರನೆಯವಳು ಓದಿ ಮುಗಿಸಿ ಯಾರಿಗೋ ಹಾಗೇ ಕೊಟ್ಟುಬಿಟ್ಟಳು. ಮೊದಲನೆಯವಳಿಗೆ ಬಿದ್ದದ್ದು 125, ಎರಡನೆಯವಳಿಗೆ 50, ಮೂರನೆಯವಳಿಗೆ 75. ಮೂರು ಮಂದಿಯ ಡಿಗ್ರಿ ಸರಾಸರಿ ತಲಾ 3,000 ರೂಪಾಯಿಯ ಪುಸ್ತಕದಲ್ಲಿ ಮುಗಿಯಿತು. ಸರಪಳಿ ತುಂಡಾದರೆ ಒಬ್ಬೊಬ್ಬರಿಗೂ ಪೂರ್ತಿ 9,000. ನಡುವಿನ 6,000 ರೂಪಾಯಿ ಇದೆಯಲ್ಲ, ಅದು ಯಾವ ಸರ್ಕಾರವೂ ಮಂಜೂರು ಮಾಡದ, ಯಾವ ದಾನಿಯ ಹೆಸರೂ ಇಲ್ಲದ, ಆಧಾರ್ ಲಿಂಕ್ ಕೇಳದ ವಿದ್ಯಾರ್ಥಿವೇತನ. ಅದನ್ನು ಕೊಡ್ತಾ ಇದ್ದದ್ದು ಹಿಂದಿನ ಬೆಂಚಿನ ಅಕ್ಕ. ನಿಲ್ಲಿಸಿದ್ದು ಬೆಂಗಳೂರಿನ ಒಂದು ಆದೇಶ.

ನಿಮಗೆ 6,000 ದೊಡ್ಡ ಮೊತ್ತ ಅಲ್ಲದಿರಬಹುದು, ಒಂದು ವೀಕೆಂಡಿನ ಹೋಮ್‌ಸ್ಟೇ ಬಾಡಿಗೆ. ಬೀಡಿಯಲ್ಲಿ ಲೆಕ್ಕ ಹಾಕಿ ನೋಡಿ.

ಉಜಿರೆಯ ವಿಷಯಕ್ಕೇ ಯಾಕೆ ಬಂದೆ ಅಂದರೆ, ಈ ಊರು ನಿಂತದ್ದೇ ಕಡಿಮೆ ದುಡ್ಡಿನಲ್ಲಿ ಓದುವ ಮಕ್ಕಳ ಮೇಲೆ. ಮಂಜಯ್ಯ ಹೆಗ್ಗಡೆಯವರ ಕಾಲದಲ್ಲಿ, 1940ರಲ್ಲಿ, ಸಿದ್ಧವನ ಗುರುಕುಲ ಶುರುವಾದದ್ದು ಬಡ ಮಕ್ಕಳಿಗೆ ಊಟ ವಸತಿ ಕೊಟ್ಟು ಓದಿಸಲಿಕ್ಕೆ. ಎಸ್‌ಡಿಎಂ ಕಾಲೇಜು ಬಂದದ್ದು 1966ರಲ್ಲಿ. ಆಮೇಲೆ ಪಾಲಿಟೆಕ್ನಿಕ್, ಎಂಜಿನಿಯರಿಂಗ್, ನ್ಯಾಚುರೋಪತಿ. ಹಾಸ್ಟೆಲಿನ ಊಟ ಕಣ್ಣಿಗೆ ಕಾಣುವ ಸಹಾಯ, ಶುಲ್ಕ ರಿಯಾಯಿತಿಯೂ ಕಾಣ್ತದೆ. ಕೈಯಿಂದ ಕೈಗೆ ಹೋಗುವ ಪುಸ್ತಕ ಯಾರಿಗೂ ಕಾಣುವುದಿಲ್ಲ. ಕಾಣದ ವಸ್ತು ಕಳೆದುಹೋದರೆ ಕಂಪ್ಲೇಂಟ್ ಕೊಡುವವರೂ ಇಲ್ಲ.

ಇಲ್ಲಿ ಒಂದು ವಾದ ಬರ್ತದೆ, ನನಗೆ ಗೊತ್ತು. ಜ್ಞಾನ ನಿಂತ ನೀರಲ್ಲ, ಪಠ್ಯ ಬದಲಾಗಲೇಬೇಕು ಅಂತ. ಒಪ್ಪಿದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಬಿಕಾಂನವರ ಪರೋಕ್ಷ ತೆರಿಗೆಯ ಹಳೇ ಪುಸ್ತಕ ಅವತ್ತೇ ಸತ್ತಿತು. 2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು, 1860ರ ದಂಡಸಂಹಿತೆಯ ಪುಸ್ತಕಗಳು ಕಪಾಟಿನ ಮೇಲಿನ ಖಾನೆಗೆ ಹೋದವು. ಇದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಕಂಪ್ಯೂಟರ್ ಸೈನ್ಸಿನಲ್ಲಂತೂ ಬದಲಾಗದಿದ್ದರೇ ತಪ್ಪು. ಆದರೆ ಬೇಡಿಕೆ-ಪೂರೈಕೆಯ ರೇಖೆಗೆ 2021ರಲ್ಲಿ ಏನಾಯಿತು? ಪಾಲುದಾರಿಕೆ ಸಂಸ್ಥೆಯ ವಿಸರ್ಜನೆಯ ಲೆಕ್ಕ 2024ರಲ್ಲಿ ಬೇರೆ ಥರ ಮಾಡಬೇಕಾ? ಬೆಂಜೀನ್ ಉಂಗುರಕ್ಕೆ ಏಳನೇ ಮೂಲೆ ಬಂತಾ? ಹೆಚ್ಚಿನ ಪತ್ರಿಕೆಗಳಲ್ಲಿ ಆದದ್ದು ಇಷ್ಟೇ: ಮೂರನೇ ಸೆಮಿಸ್ಟರಿನ ಒಂದು ಘಟಕ ಎರಡಕ್ಕೆ ಬಂತು, ಎರಡರದ್ದು ಒಂದಕ್ಕೆ ಹೋಯಿತು, ಐದು ಘಟಕ ಇದ್ದದ್ದು ನಾಲ್ಕಾಯಿತು, ಪೇಪರಿನ ಹೆಸರು ಉದ್ದವಾಯಿತು. ಮನೆಯ ಸಾಮಾನು ಅದೇ, ಕೋಣೆ ಬದಲು.

ಕನ್ನಡ ಪಠ್ಯವನ್ನೇ ತಗೊಳ್ಳಿ. ಪಂಪನ ಒಂದು ಭಾಗ, ನಾಲ್ಕು ವಚನ, ಒಂದಷ್ಟು ಕುಮಾರವ್ಯಾಸ, ಒಂದು ನವೋದಯ, ಒಂದು ಬಂಡಾಯ: ಪದವಿ ಕನ್ನಡದ ಅಡಿಗೆ ಹೆಚ್ಚುಕಮ್ಮಿ ಇದೇ. ಪಂಪ ಆದಿಪುರಾಣ ಬರೆದದ್ದು 941ರಲ್ಲಿ. ಅವನ ಕಡೆಯಿಂದ ಯಾವ ತಿದ್ದುಪಡಿಯೂ ಬಂದಿಲ್ಲ. ಹೊಸ ಕವಿಗಳು ಪಠ್ಯಕ್ಕೆ ಬರಬೇಕು ಸ್ವಾಮಿ, ಖಂಡಿತ ಬರಬೇಕು, ನಾನೇನು ಅದಕ್ಕೆ ಅಡ್ಡ ಮಲಗಿಲ್ಲ. ಬರುವುದಾದರೆ ಇಪ್ಪತ್ತು ಪುಟದ ಪೂರಕ ಪುಸ್ತಿಕೆ ಮಾಡಿ ಕೊಡಬಹುದಲ್ಲ? ಇಡೀ ಪುಸ್ತಕಕ್ಕೆ ಹೊಸ ಮುಖಪುಟ, ಹೊಸ ಹೆಸರು, ಹೊಸ ಸಂಪಾದಕ ಮಂಡಳಿ ಯಾಕೆ? ನ್ಯಾಯವಾಗಿ ಹೇಳಬೇಕೆಂದರೆ ಪ್ರಸಾರಾಂಗಗಳು ಹಾಕುವ ಭಾಷಾ ಪಠ್ಯದ ಬೆಲೆ ಜೇಬು ಕತ್ತರಿಸುವಂಥದ್ದಲ್ಲ. ಕತ್ತರಿಸುವುದು ಉಳಿದ ಪತ್ರಿಕೆಗಳ ಗೈಡು ಥರದ ಪುಸ್ತಕಗಳು. ಪಠ್ಯಕ್ರಮದ ಘಟಕಗಳನ್ನೇ ಅಧ್ಯಾಯ ಮಾಡಿ, ಮುಖಪುಟದ ಮೇಲೆ ಸ್ಕೀಮಿನ ಹೆಸರನ್ನೇ ದಪ್ಪ ಅಕ್ಷರದಲ್ಲಿ ಹೊಡೆದವು. ಅವುಗಳ ಆಯುಷ್ಯ ಸ್ಕೀಮಿನ ಆಯುಷ್ಯ. ಸ್ಕೀಮ್ ಬೇಗ ಸತ್ತಷ್ಟೂ ಹೊಸ ಗೈಡು ಬೇಗ ಹುಟ್ಟುತ್ತದೆ. ಯಾರಿಗೆ ಲಾಭ ಅಂತ ನಾನು ಬಿಡಿಸಿ ಹೇಳಬೇಕಾ? ಯಾವ ಪತ್ರಿಕೆಯ ಪಠ್ಯಕ್ರಮ ಮಾಡಲು ಕೂತರೋ, ಅದೇ ಪತ್ರಿಕೆಗೆ ಪುಸ್ತಕ ಬರೆದು ಮಾರುವುದಕ್ಕೆ ಒಂದೆರಡು ವರ್ಷವಾದರೂ ತಡೆ ಇರಲಿ ಅಂದರೆ ಅದು ದೊಡ್ಡ ಬೇಡಿಕೆ ಏನಲ್ಲ. ಕ್ರಿಕೆಟ್ ಬೋರ್ಡಿನವರಿಗೂ ನಾವು ಅಷ್ಟು ಕೇಳ್ತೇವೆ.

ಪಠ್ಯ ಗಟ್ಟಿಯಾಗಿ ನಿಂತರೆ ಏನಾಗ್ತದೆ ಅಂತ ನೋಡಲು ದೂರ ಹೋಗಬೇಕಾಗಿಲ್ಲ. ಅದೇ ಉಜಿರೆಯಲ್ಲಿ, ಮೂಡಬಿದಿರೆಯಲ್ಲಿ ಪಿಯು ವಿಜ್ಞಾನ ಓದುವವರನ್ನು ನೋಡಿ. ಎನ್‌ಸಿಇಆರ್‌ಟಿ ಪುಸ್ತಕ ಬಂದು ದಶಕ ದಾಟಿದೆ. ನಡುವೆ ಒಂದಷ್ಟು ಪಾಠ ಕಿತ್ತು ಹಾಕಿದರು. ಕಿತ್ತರೆ ಹಳೇ ಪುಸ್ತಕ ಕೆಡುವುದಿಲ್ಲ, ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರಾಯಿತು. ಅಕ್ಕನದ್ದು ತಮ್ಮನಿಗೆ, ತಮ್ಮನದ್ದು ಪಕ್ಕದ ಮನೆಗೆ. ಪಿಡಿಎಫ್ ಕೂಡ ಸರ್ಕಾರವೇ ಪುಕ್ಕಟೆ ಇಟ್ಟಿದೆ. ಅಲ್ಲಿ ದುಡ್ಡು ಕೀಳುವುದು ಕೋಚಿಂಗ್, ಪಠ್ಯಪುಸ್ತಕ ಅಲ್ಲ. ಅದು ಬೇರೆ ಜಗಳ, ಇನ್ನೊಮ್ಮೆ ಮಾಡೋಣ.

ಪಿಡಿಎಫ್ ಅಂದಾಗ ನೆನಪಾಯ್ತು. "ಈಗ ಎಲ್ಲ ಫೋನಲ್ಲೇ ಉಂಟಲ್ಲ" ಅನ್ನುವವರು 2020ರ ಲಾಕ್‌ಡೌನಿನಲ್ಲಿ ನಮ್ಮ ಜಿಲ್ಲೆಯ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದನ್ನು ಮರೆತಿದ್ದಾರೆ. ನಿಮ್ಮ ಮೇಜಿನ ಮೇಲೆ ಎರಡು ಮಾನಿಟರ್ ಇದೆ. ಅವಳ ಹತ್ರ ಇರುವುದು ಆರಿಂಚಿನ ಪರದೆ, ಅದರಲ್ಲಿ ಅಂತಿಮ ಲೆಕ್ಕಪತ್ರದ ಎರಡು ಬದಿ ಒಟ್ಟಿಗೆ ಕಾಣುವುದಿಲ್ಲ. ಕೇಂದ್ರ ಸರ್ಕಾರ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್‌ಗೆ ಮೂರು ವರ್ಷಕ್ಕೆ 6,000 ಕೋಟಿ ಇಟ್ಟಿದೆ ಅಂತ ಯಾರೋ ಹೇಳುತ್ತಾರೆ. ಒಳ್ಳೆಯದೇ. ಅದು ಸರ್ಕಾರಿ ಸಂಸ್ಥೆಗಳಿಗೆ, ಅದರಲ್ಲಿ ಬರುವುದು ಸಂಶೋಧನಾ ಪತ್ರಿಕೆಗಳು. ಬಿಕಾಂ ಎರಡನೇ ಸೆಮಿಸ್ಟರಿನ ಪುಸ್ತಕಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಜೆರಾಕ್ಸ್. ಇದರ ಮೇಲೆ ನೈತಿಕತೆಯ ಉಪನ್ಯಾಸ ಕೊಡುವವರು ಒಂದು ಕೇಸು ಓದಬೇಕು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಸೇರಿ ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಎಂಬ ಪುಟ್ಟ ಜೆರಾಕ್ಸ್ ಅಂಗಡಿಯನ್ನೂ, ವಿಶ್ವವಿದ್ಯಾಲಯವನ್ನೂ ಕೋರ್ಟಿಗೆ ಎಳೆದವು. ಅಧ್ಯಾಪಕರು ಹೇಳಿದ ಬೇರೆ ಬೇರೆ ಪುಸ್ತಕದ ಭಾಗಗಳನ್ನು ಒಟ್ಟು ಮಾಡಿ ಕೋರ್ಸ್ ಪ್ಯಾಕ್ ಅಂತ ಕೊಡ್ತಿದ್ದದ್ದು ಅಪರಾಧ. 2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟ್ ಪ್ರಕಾಶಕರ ದಾವೆ ತಳ್ಳಿಹಾಕಿತು. ಆ ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಕೆಲವು ಪ್ರಶ್ನೆಗಳನ್ನು ಮರುವಿಚಾರಣೆಗೆ ಕಳಿಸಿದರೂ, ಕಲಿಸುವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಪ್ರತಿ ಮಾಡುವುದಕ್ಕೆ 1957ರ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಜಾಗ ಇದೆ ಅನ್ನುವುದನ್ನು ಒಪ್ಪಿತು. 2017ರ ಮಾರ್ಚಿನಲ್ಲಿ ಪ್ರಕಾಶಕರೇ ಕೇಸು ಹಿಂದೆ ತಗೊಂಡರು. ಇಡೀ ಪುಸ್ತಕವನ್ನು ಕದ್ದು ಅಚ್ಚು ಹಾಕಿ ಫುಟ್‌ಪಾತಿನಲ್ಲಿ ಮಾರುವುದಕ್ಕೆ ಇದು ಲೈಸೆನ್ಸ್ ಅಲ್ಲ. ಆದರೆ ಬದಲಾದ ಒಂದೇ ಒಂದು ಘಟಕದ ಮೂವತ್ತು ಪುಟವನ್ನು ಅಧ್ಯಾಪಕರು ತರಗತಿಗೆ ಪ್ರತಿ ಮಾಡಿಸಿ ಕೊಟ್ಟು, ಉಳಿದದ್ದಕ್ಕೆ ಹಳೇ ಪುಸ್ತಕ ಸಾಕು ಅಂದರೆ ಆಕಾಶ ಬೀಳುವುದಿಲ್ಲ. ಹೀಗೆ ಹೇಳಲು ಧೈರ್ಯ ಬೇಕು ಅಷ್ಟೇ.

ಪುಸ್ತಕದ ಆಯುಷ್ಯವನ್ನು ಸರ್ಕಾರ ಯೋಚಿಸಿಯೇ ಇಲ್ಲ ಅಂತಲ್ಲ. ವೈದ್ಯಕೀಯ, ಎಂಜಿನಿಯರಿಂಗ್ ಥರದ ಕೋರ್ಸಿನ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ 1978-79ರಲ್ಲೇ ಬುಕ್ ಬ್ಯಾಂಕ್ ಯೋಜನೆ ಮಾಡಿತ್ತು. ಸಾಮಾನ್ಯವಾಗಿ ಇಬ್ಬರಿಗೆ ಒಂದು ಸೆಟ್, ಒಂದು ಸೆಟ್ಟಿಗೆ ಮೂರು ವರ್ಷದ ಆಯುಷ್ಯ ಅಂತ ಅದರ ನಿಯಮ. ಹರಿಯುವವರೆಗೆ ಓದಲಿ ಅನ್ನುವ ಲೆಕ್ಕಾಚಾರ. ಈಗ ಪುಸ್ತಕ ಹರಿಯುವುದಕ್ಕಿಂತ ಮೊದಲೇ ಸ್ಕೀಮ್ ಹರಿಯುತ್ತದೆ. ಪದವಿ ಕಾಲೇಜುಗಳ ಲೈಬ್ರರಿಯಲ್ಲೂ ಬುಕ್ ಬ್ಯಾಂಕ್ ಇರ್ತದೆ. ಸೆಮಿಸ್ಟರ್ ಪೂರ್ತಿ ಒಂದು ಸೆಟ್ ಮನೆಗೆ ಕೊಡುವ ಒಳ್ಳೇ ವ್ಯವಸ್ಥೆ. ಆದರೆ ಪ್ರತಿ ಮೂರು ವರ್ಷಕ್ಕೊಮ್ಮೆ ಇಡೀ ದಾಸ್ತಾನು ಗುಜರಿಗೆ ಅಂತಾದರೆ ಯಾವ ಲೈಬ್ರರಿಯನ್ ಧೈರ್ಯ ಮಾಡಿ ಅರವತ್ತು ಸೆಟ್ ತರಿಸುತ್ತಾರೆ? ಐದು ತರಿಸುತ್ತಾರೆ. ಐದು ಸೆಟ್, ಅರವತ್ತು ಮಕ್ಕಳು.

ಹಾಗಾದರೆ ಏನು ಮಾಡಬೇಕು? ಪಠ್ಯಕ್ರಮ ಬದಲಾಯಿಸಬೇಡಿ ಅಂತ ನಾನು ಹೇಳಿದರೂ ಯಾರೂ ಕೇಳುವುದಿಲ್ಲ. ಥೋರಟ್ ಆಯೋಗ 2025ರ ಆಗಸ್ಟಿನಲ್ಲಿ ಅಂತಿಮ ವರದಿ ಕೊಟ್ಟಾಗಿದೆ. ಅದರ ಜಾರಿ ಅಂತ ಹೊರಟರೆ ಇನ್ನೊಂದು ಸುತ್ತು. ಮುಂದೆ ಇನ್ನೊಂದು ಸರ್ಕಾರ ಬಂದರೆ ಮಗದೊಂದು. ಆದ್ದರಿಂದ ನನ್ನ ಬೇಡಿಕೆ ತೀರಾ ಸಣ್ಣದು, ಒಂದು ಹಾಳೆಯಷ್ಟು. ಪಠ್ಯಕ್ರಮ ಬದಲಾದಾಗಲೆಲ್ಲ ಪ್ರತಿ ಪತ್ರಿಕೆಗೂ ಒಂದು ಹೊಂದಾಣಿಕೆ ಪಟ್ಟಿ ಹೊರಡಿಸಿ. ಹೊಸ ಪತ್ರಿಕೆಯ ಒಂದನೇ ಘಟಕ ಹಳೇ ಸ್ಕೀಮಿನ ಯಾವ ಸೆಮಿಸ್ಟರಿನ ಯಾವ ಘಟಕ, ಎರಡನೆಯದು ಯಾವುದು, ನಿಜವಾಗಿ ಹೊಸದಾಗಿ ಬಂದದ್ದು ಯಾವುದು. ಅದರ ಕೆಳಗೆ ಒಂದು ಸಾಲು: ಈ ಪುಸ್ತಕದ ಹಿಂದಿನ ಆವೃತ್ತಿಯೂ ನಡೆಯುತ್ತದೆ, ಅಥವಾ ನಡೆಯುವುದಿಲ್ಲ. ಅಧ್ಯಯನ ಮಂಡಳಿಯಲ್ಲಿ ಕೂತವರಿಗೆ ಇದು ಒಂದು ಮಧ್ಯಾಹ್ನದ ಕೆಲಸ, ಯಾಕೆಂದರೆ ಯಾವುದನ್ನು ಎಲ್ಲಿಂದ ಎತ್ತಿ ಎಲ್ಲಿಗೆ ಇಟ್ಟೆವು ಅನ್ನೋದು ಅವರಿಗೇ ಗೊತ್ತಿರುವುದು. ಮಕ್ಕಳಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಹೆದರಿ ಹೊಸದು ಕೊಳ್ಳುತ್ತಾರೆ.

ಇದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಾಗಿಲ್ಲ ಅನ್ನುವುದು ಇಲ್ಲಿಯ ಮುಖ್ಯ ಮಾತು. ಉಜಿರೆಯ ಎಸ್‌ಡಿಎಂ ಸ್ವಾಯತ್ತ ಕಾಲೇಜು. ಮೂಡಬಿದಿರೆಯ ಆಳ್ವಾಸ್ ಕೂಡ. ಸ್ವಾಯತ್ತ ಅಂದರೆ ತನ್ನದೇ ಅಧ್ಯಯನ ಮಂಡಳಿ, ತನ್ನದೇ ಪ್ರಶ್ನೆಪತ್ರಿಕೆ. ಎಷ್ಟು ವರ್ಷದ ಡಿಗ್ರಿ, ಎಷ್ಟು ಕ್ರೆಡಿಟ್ ಅನ್ನುವ ಚೌಕಟ್ಟು ಸರ್ಕಾರದ್ದೇ ಇರಲಿ. ಒಳಗೆ ಯಾವ ಪುಸ್ತಕ, ಎಷ್ಟು ವರ್ಷ ಅಂತ ಘೋಷಿಸುವುದಕ್ಕೆ ಯಾರೂ ಕೈ ಹಿಡಿಯುವುದಿಲ್ಲ. "ಈ ಪತ್ರಿಕೆಗೆ ಈ ಪುಸ್ತಕ, ಮುಂದಿನ ಐದು ವರ್ಷ" ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿದ ದಿನ ಲೈಬ್ರರಿಯವರು ಅರವತ್ತು ಸೆಟ್ ತರಿಸಬಹುದು, ಮೊದಲ ಬ್ಯಾಚಿನವರು ಪುಸ್ತಕಕ್ಕೆ ಬೈಂಡ್ ಹಾಕಿಸಿ ಜೋಪಾನ ಮಾಡಬಹುದು, ಮಾರುವಾಗ ರೇಟು ಬರ್ತದೆ ಅನ್ನುವ ನಂಬಿಕೆಯಲ್ಲಿ.

ನೀತಿಯಂಥ ದೊಡ್ಡ ವಿಷಯವನ್ನು ಸೆಕೆಂಡ್‌ಹ್ಯಾಂಡ್ ಪುಸ್ತಕದ ರೇಟಿಗೆ ಇಳಿಸಿದ್ರಿ ಅಂತ ಬೈಯುವವರು ಬೈಯಲಿ. ನಾಲ್ಕು ವರ್ಷ ಬೇಕಾ ಮೂರು ವರ್ಷ ಸಾಕಾ, ನಾಗಪುರದ್ದಾ ದಿಲ್ಲಿಯದ್ದಾ ಅಂತ ಟಿವಿಯಲ್ಲಿ ಗಂಟೆಗಟ್ಟಲೆ ಕೂಗಾಡಿದರು. ಎರಡೂ ಕಡೆಯವರು ಮಕ್ಕಳ ಭವಿಷ್ಯದ ಹೆಸರು ಹೇಳಿದರು. ಆ ಮಕ್ಕಳ ಚೀಲದಲ್ಲಿರುವ ಪುಸ್ತಕ ನಾಳೆ ಏನಾಗ್ತದೆ ಅಂತ ಒಬ್ಬರೂ ಕೇಳಿದ್ದನ್ನು ನಾನು ಕಾಣೆ.

ನೀವು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವಾಗ ಉಜಿರೆ ಸರ್ಕಲಿನಲ್ಲಿ ಕಾಫಿಗೆ ನಿಲ್ಲಿಸ್ತೀರಲ್ಲ, ಮುಂದಿನ ಸಲ ಡಿಕ್ಕಿಯಲ್ಲಿ ಒಂದು ಗೋಣಿಚೀಲ ಇಟ್ಕೊಂಡು ಬನ್ನಿ. ಊರ ಮನೆಯ ಅಟ್ಟದಲ್ಲಿ ನಿಮ್ಮ ಪುಸ್ತಕಗಳಿವೆ, ಗೆದ್ದಲು ಹಿಡಿಯುವುದಕ್ಕೆ ಮೊದಲು ಇಳಿಸಿ. ಗ್ರೇವಾಲ್ ಯಾವ ಆವೃತ್ತಿಯದ್ದಾದರೂ ನಡೀತದೆ. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ರಸಾಯನಶಾಸ್ತ್ರದ ದಪ್ಪ ಪುಸ್ತಕಗಳು ನಡೀತವೆ. ಪಂಪ ನಡೀತಾನೆ. ತೆರಿಗೆಯದ್ದು 2017ಕ್ಕಿಂತ ಹಿಂದಿನದಾದರೆ ಬೇಡ. ಕೊಡುವ ಮೊದಲು ಯಾವ ಪುಸ್ತಕ ಈಗಿನ ಯಾವ ಪತ್ರಿಕೆಗೆ ಆಗ್ತದೆ ಅಂತ ಯಾರಾದರೂ ಅಧ್ಯಾಪಕರ ಹತ್ರ ಕೇಳಿ, ಮೊದಲ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದುಬಿಡಿ. ಡಿಜಿಟಲ್ ಫ್ಲುಯೆನ್ಸಿಯ ಗೈಡು ಮಾತ್ರ ತರಬೇಡಿ, ಅದನ್ನು ಅಲ್ಲೇ ಗುಜರಿಯವನಿಗೆ ಕೊಡಿ.